ಮಕ್ಕಳ ಹಲ್ಲಿಗೆ ಯಾವ ಫಿಲ್ಲಿಂಗ್: ಜಿಐಸಿನಾ, ಕಾಂಪೋಸಿಟ್ಟಾ?

ಹಾಲುಹಲ್ಲು ಹೆಂಗಿದ್ರೂ ಬಿದ್ದೋಗತ್ತೆ ಅಂತ ಹುಳುಕನ್ನ ದಯವಿಟ್ಟು ಹಂಗೇ ಬಿಡ್ಬೇಡಿ, ಆ ತೂತಲ್ಲಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಅನ್ನೋ ಬ್ಯಾಕ್ಟೀರಿಯಾ ಗೂಡು ಕಟ್ಕೊಂಡು ಎಂಜಲಿನ ಜೊತೆ ಬೇರೆ ಹಲ್ಲಿಗೂ ಹರಡತ್ತೆ. ಫಿಲ್ಲಿಂಗ್ ಆದ್ಮೇಲೆ ಎಂಜಲಲ್ಲಿ ಅದ್ರ ಸಂಖ್ಯೆ ಇಳಿಯತ್ತೆ ನಿಜ, ಆದ್ರೆ ಚಾಕಲೇಟು ಬಿಸ್ಕೆಟ್ಟು ಮೊದಲಿನ ಹಂಗೇ ನಡೀತಿದ್ರೆ ಮತ್ತೆ ಏರತ್ತೆ.

ಜಿಐಸಿ, ಅಂದ್ರೆ ಗ್ಲಾಸ್ ಅಯಾನೊಮರ್ ಅನ್ನೋ ಫಿಲ್ಲಿಂಗ್ ಸಿಮೆಂಟು, ಹುಳುಕು ತಡೆಯೋ ಫ್ಲೋರೈಡ್ ಬಿಡತ್ತೆ. ಮೊದಲ ಒಂದೆರಡು ದಿನ ಜಾಸ್ತಿ, ಆಮೇಲೆ ಕಮ್ಮಿ, ಆದ್ರೆ ಫ್ಲೋರೈಡ್ ಪೇಸ್ಟಲ್ಲಿ ಹಲ್ಲುಜ್ಜಿದಾಗೆಲ್ಲ ಒಂಚೂರು ಹೀರ್ಕೊಂಡು ನಿಧಾನಕ್ಕೆ ಬಿಡ್ತಾ ಇರತ್ತೆ, ನಂಗೆ ತುಂಬಾ ಇಷ್ಟವಾದ ವಿಷಯ ಇದು. ಸ್ವಲ್ಪ ಒದ್ದೆ ಇದ್ರೂ ಹಲ್ಲಿಗೆ ಅಂಟತ್ತೆ, ಹಂಗಾಗಿ ಅಳೋ ಮಗೂಗೆ ಸಲೀಸು. ಸವೆಯೋದು ಮಾತ್ರ ಬೇಗ, ಎರಡು ಹಲ್ಲಿನ ಸಂದೀಲಿ ಹುಳುಕಿದ್ರೆ ಮುರಿಯೋ ಭಯಾನೂ ಇದೆ.

ಕಾಂಪೋಸಿಟ್, ಅಂದ್ರೆ ಪ್ಲಾಸ್ಟಿಕ್ ಥರದ ರೆಸಿನ್ ಫಿಲ್ಲಿಂಗ್, ಗಟ್ಟಿ, ನೋಡೋಕೂ ಹಲ್ಲಿನ ಬಣ್ಣಾನೇ. ಆದ್ರೆ ಹಾಕುವಾಗ ಎಂಜಲು ತಾಗ್ಲೇಬಾರ್ದು, ಮೂರು ವರ್ಷದ ಮಗು ಅಷ್ಟೊತ್ತು ಬಾಯಿ ತೆಗ್ದು ಕೂರತ್ತಾ? ಲೈಟ್ ಹಾಕಿ ಗಟ್ಟಿ ಮಾಡುವಾಗ ಇದು ಸ್ವಲ್ಪ ಕುಗ್ಗತ್ತೆ, ಅಂಚಲ್ಲಿ ಸಂದಿ ಬಿಟ್ರೆ ಬ್ಯಾಕ್ಟೀರಿಯಾ ಅಲ್ಲೇ ಸೇರ್ಕೊಳತ್ತೆ.

ಬೆಳ್ಳಿ ಬಣ್ಣದ ಹಳೇ ಥರದ ಫಿಲ್ಲಿಂಗ್ ಅಮಾಲ್ಗಮಲ್ಲಿ ಪಾದರಸ ಇರತ್ತೆ, ಯುರೋಪಿಯನ್ ಯೂನಿಯನ್ 2018ರಲ್ಲೇ 15ರೊಳಗಿನ ಮಕ್ಕಳಿಗೆ ಬಹುತೇಕ ನಿಲ್ಲಿಸ್ತು, ಮಕ್ಕಳಿಗೆ ಅದು ಬೇಡ.

ಮಗು ಚಿಕ್ಕದು, ಹುಳುಕು ಜಾಸ್ತಿ ಹಲ್ಲಲ್ಲಿದ್ರೆ ನನ್ನ ಓಟು ಜಿಐಸಿಗೆ. ಸುಮ್ನೆ ಕೂರೋ ವಯಸ್ಸು, ಶಾಶ್ವತ ಹಲ್ಲು ಅಂದ್ರೆ ಕಾಂಪೋಸಿಟ್. ತೂತು ತುಂಬಾ ದೊಡ್ಡದಿದ್ರೆ ಸ್ಟೀಲ್ ಕ್ಯಾಪ್ ಬಗ್ಗೆ ಡಾಕ್ಟರ್ ಹತ್ರ ಕೇಳಿ.