ಬಿಲ್ಲಿಂಗ್ ಆಪ್: ಬಿಲ್ ಚೆನ್ನ, ಬೆಳಗಿನ ಬಿಳಿ ತೆರೆ ಬೇಡಪ್ಪ (3/5)

ಗಾಂಧಿ ಬಜಾರಿನಲ್ಲಿ ನಮ್ಮಣ್ಣನ ಗ್ರಂಥಿಗೆ ಅಂಗಡಿ. ಪ್ರಿಂಟರ್ ಸಮೇತ ಬರುವ ಆಂಡ್ರಾಯ್ಡ್ ಮೆಷಿನ್‌ನಲ್ಲಿ ಈ ಆಪ್ ಹಾಕಿಸಿ ಆರು ತಿಂಗಳಾಯಿತು. ಕನ್ನಡ ಬಿಲ್ ಸೊಗಸು, ‘ಊದುಬತ್ತಿ’ಯ ಒತ್ತಕ್ಷರ ಒಡೆಯಲ್ಲ.

ಗೋಳು ಶುರುವಿನದು. ಬೆಳಿಗ್ಗೆ ತೆರೆದರೆ ಬರೀ ಬಿಳಿ ತೆರೆ. ಅಣ್ಣ ತಾಳ್ಮೆಗೆಟ್ಟು ಕುಟ್ಟುತ್ತಾನೆ, 5 ಸೆಕೆಂಡಿಗೆ ‘ಆಪ್ ಪ್ರತಿಕ್ರಿಯಿಸುತ್ತಿಲ್ಲ’. “ನೀನೂ ಇದೇ ಕೆಲಸ ತಾನೇ ಮಾಡೋದು, ನೋಡೋ” ಅಂದ. ಬಗ್ ರಿಪೋರ್ಟ್ (ಮೆಷಿನ್ ಒಳಗೆ ಏನು ನಡೀತಿದೆ ಅನ್ನುವ ದಾಖಲೆ) ತೆಗೆದು ನೋಡಿದರೆ ತೆರೆ ಬಿಡಿಸೋದು, ಕುಟ್ಟಿದ್ದಕ್ಕೆ ಓಗೊಡೋದು ಎಲ್ಲ ಮಾಡಬೇಕಾದ ಮೇನ್ ಥ್ರೆಡ್ಡು ಕೌಂಟ್‌ಡೌನ್‌ಲ್ಯಾಚ್ (ಸುದ್ದಿ ಬರುವವರೆಗೆ ತಡೆದು ನಿಲ್ಲಿಸುವ ಕೋಡ್) ಹಿಡಿದು, ಹಿನ್ನೆಲೆಯಲ್ಲಿ ಪ್ರಿಂಟರ್ ನೋಡಿಕೊಳ್ಳುವ ಪ್ರಿಂಟರ್ ಸರ್ವಿಸ್‌ಗಾಗಿ ಕಾಯುತ್ತಾ ಕೂತಿದೆ! ಬೈಂಡ್‌ಸರ್ವಿಸ್ (ಸರ್ವಿಸ್ ಜೊತೆ ಜೋಡಿಸು ಅನ್ನುವ ಆದೇಶ) ಕರೆದ ತಕ್ಷಣ ವಾಪಸ್ ಬರುತ್ತೆ, ಸರ್ವಿಸ್ ಸಿಗೋದು ಆಮೇಲೆ. ಸಿಕ್ಕಿತು ಅಂತ ಹೇಳುವ ಆನ್‌ಸರ್ವಿಸ್‌ಕನೆಕ್ಟೆಡ್ ಕೂಡ ಅದೇ ಮೇನ್ ಥ್ರೆಡ್ಡಿನಲ್ಲೇ ಓಡಬೇಕು. ಬಾಗಿಲಿಗೆ ಅಡ್ಡ ಕೂತು, ನೆಂಟರು ಯಾಕೆ ಒಳಗೆ ಬರಲಿಲ್ಲ ಅಂದ ಹಾಗಾಯಿತು. ಕಾಯೋಕೆ ಟೈಮೌಟ್ (ಇಷ್ಟೇ ಹೊತ್ತು ಅನ್ನುವ ಮಿತಿ) ಇಟ್ಟಿದ್ದರಿಂದ ಬಚಾವ್, ಇಲ್ಲದಿದ್ದರೆ ಸಂಜೆವರೆಗೂ ಬಿಳಿಯೇ.

ಸಪೋರ್ಟ್‌ಗೆ ಫೋನ್ ಮಾಡಿದೆ. “ಮೆಷಿನ್ ಆಫ್ ಮಾಡಿ ಆನ್ ಮಾಡಿ ಸರ್” ಅಂದರು. ಥ್ರೆಡ್ಡು ಎಲ್ಲಿ ಸಿಕ್ಕಿಕೊಂಡಿದೆ ಅಂತ ತೋರಿಸುವ ಟ್ರೇಸ್ ಸಮೇತ ಮೇಲ್ ಹಾಕಿದ ಮೇಲೆ, ಮೂರು ವಾರಕ್ಕೆ ಅಪ್‌ಡೇಟ್ ಬಂತು. ಈಗ ತೆರೆ ಥಟ್ಟನೆ ಬರುತ್ತೆ, ಪ್ರಿಂಟರ್ ಗುರುತು ಬೂದು ಬಣ್ಣದಲ್ಲಿರುತ್ತೆ, ಸರ್ವಿಸ್ ಸಿಕ್ಕಾಗ ಹಸಿರು. ಅಷ್ಟರಲ್ಲಿ ಹಾಕಿದ ಬಿಲ್ಲು ಸಾಲಿನಲ್ಲಿ ಕಾದು ತಾನೇ ಪ್ರಿಂಟ್ ಆಗುತ್ತೆ. ಇದನ್ನು ಮೊದಲೇ ಮಾಡೋಕೆ ಏನಾಗಿತ್ತೋ!

ಎರಡು ಸ್ಟಾರ್ ಕಿತ್ತಿದ್ದು ಯಾಕೆಂದರೆ, ನಡುವೆ ಪ್ರಿಂಟರ್ ಸರ್ವಿಸ್ ಸತ್ತರೆ ಸಾಲಿನಲ್ಲಿದ್ದ ಬಿಲ್ಲುಗಳೂ ಮಾಯ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಣ್ಣ ಕೈಯಲ್ಲೇ ಚೀಟಿ ಬರೆದ.