ಹುಳ ಜ್ವರಕ್ಕೆ ಕೂತಾಗ ಓದುತ್ತಿರುವ ಮೂರು ಪುಸ್ತಕ

ರೇಷ್ಮೆ ಮಾಡುವವರಿಗೆ ಓದಲು ಸಮಯ ಎಲ್ಲಿರುತ್ತದೆ ಅಂತ ಕೇಳುತ್ತಾರೆ. ಇರುತ್ತದೆ. ಹುಳ ಜ್ವರಕ್ಕೆ ಕೂತ ದಿನ ಇರುತ್ತದೆ. ಜ್ವರ ಅಂದರೆ ಕಾಯಿಲೆ ಅಲ್ಲ, ರೇಷ್ಮೆ ಹುಳ ಚರ್ಮ ಕಳಚುವ ಹೊತ್ತು. ನಮ್ಮದು ಶಿಡ್ಲಘಟ್ಟ ತಾಲ್ಲೂಕು. ಎರಡನೇ ಜ್ವರ ಎದ್ದ ಚಾಕಿ ಹುಳ, ಅಂದರೆ ಮರಿ ಹುಳ, ತಂದು ಸಾಕುತ್ತೇವೆ, ಹಾಗಾಗಿ ಮೂರನೇ ಜ್ವರ, ನಾಲ್ಕನೇ ಜ್ವರ ಎರಡೂ ನಮ್ಮ ಹುಳದ ಮನೆಯಲ್ಲೇ ಆಗುತ್ತವೆ. ಆಗ ಹುಳ ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿರುತ್ತದೆ. ಸೊಪ್ಪು ಮುಟ್ಟಲ್ಲ. ಹಳೇ ಚರ್ಮ ಕಳಚಿ ಏಳುವವರೆಗೆ, ಹೆಚ್ಚು ಕಡಿಮೆ ಒಂದು ದಿನ ಪೂರ್ತಿ, ನಾವೂ ಸೊಪ್ಪು ಹಾಕುವ ಹಾಗಿಲ್ಲ. ಸುಣ್ಣದ ಪುಡಿ ಉದುರಿಸಿ ಬಾಗಿಲು ಮುಂದೆ ಮಾಡಿ ಬಂದರೆ ಅವತ್ತು ಜಗಲಿ ಮೇಲೆ ಕೂತು ಪುಸ್ತಕ ಹಿಡಿಯಬಹುದು. ಒಂದು ಬೆಳೆಗೆ ಇಂಥ ದಿನ ಎರಡು. ನಾಲ್ಕನೇ ಜ್ವರ ಎದ್ದ ಮೇಲೆ ಬಿಡಿ, ಒಂದು ವಾರ ಸೊಪ್ಪು ಕುಯ್ಯುವುದು, ಹಾಕುವುದು, ಮತ್ತೆ ಕುಯ್ಯುವುದು, ಊಟ ಮಾಡಿದ್ದೂ ನೆನಪಿರಲ್ಲ.

ಈಗ ಮೂರು ಪುಸ್ತಕ ಒಟ್ಟಿಗೆ ಓದುತ್ತಿದ್ದೇನೆ. ಮೂರೂ ನಮ್ಮ ಕಡೆಯವರು ಬರೆದದ್ದು. ನಾನು ಶಾಲೆಗೆ ಹೋಗುವಾಗ ನಮ್ಮ ಜಿಲ್ಲೆ ಅಂದರೆ ಕೋಲಾರ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ನಾವು ಶಾಲೆಯಲ್ಲಿದ್ದಾಗ "ನಮ್ಮ ಜಿಲ್ಲೆಯ ಸಾಹಿತಿಗಳು" ಅಂತ ಹೆಸರು, ಊರು ಬಾಯಿಪಾಠ ಮಾಡಿಸುತ್ತಿದ್ದರು. ಡಿವಿಜಿ, ಮುಳಬಾಗಿಲು. ಮಾಸ್ತಿ, ಮಾಲೂರು ತಾಲ್ಲೂಕು. ಪರೀಕ್ಷೆಗೆ ಬರೆದು ಮಾರ್ಕ್ಸ್ ತೆಗೆದುಕೊಂಡೆವು, ಪುಸ್ತಕ ಮಾತ್ರ ಯಾರೂ ಕೈಗೆ ಕೊಡಲಿಲ್ಲ. ಇಷ್ಟು ವರ್ಷ ಆದ ಮೇಲೆ ಓದುತ್ತಿದ್ದೇನೆ, ಹಾಗಾಗಿ ಈ ಅಭಿಪ್ರಾಯ ಪಂಡಿತರದ್ದಲ್ಲ, ಈಗಷ್ಟೇ ಒಳಗೆ ಕಾಲಿಟ್ಟವರದ್ದು.

ಮೊದಲು ಮಾಸ್ತಿಯವರ 'ಚಿಕವೀರ ರಾಜೇಂದ್ರ'. ಅರ್ಧ ದಾಟಿದ್ದೇನೆ. ಕೊಡಗಿನ ಕೊನೆಯ ರಾಜನ ಕಥೆ, 1956ರಲ್ಲಿ ಬಂದ ಕಾದಂಬರಿ. ಮಾಸ್ತಿಯವರಿಗೆ 1983ರ ಜ್ಞಾನಪೀಠ ಬಂದಾಗ ಎಲ್ಲರ ಬಾಯಲ್ಲೂ ಇದ್ದದ್ದು ಇದೇ ಪುಸ್ತಕ. ದಪ್ಪ ನೋಡಿ ಹೆದರಿಕೊಂಡು ಎರಡು ವರ್ಷ ಕಪಾಟಿನಲ್ಲಿ ಇಟ್ಟಿದ್ದೆ. ಹೆದರುವ ಅಗತ್ಯ ಇರಲಿಲ್ಲ. ಭಾಷೆ ಸಲೀಸು. ಮನೆಯ ಹಿರಿಯರು ಒಂದು ಕಡೆ ಕೂತು, ಯಾವ ಆತುರವೂ ಇಲ್ಲದೆ, ಒಂದೊಂದೇ ಸಂಗತಿ ಹೇಳಿದ ಹಾಗಿದೆ.

ಒಂದು ಕಷ್ಟ ಇದೆ, ಅದನ್ನು ಮೊದಲೇ ಹೇಳುತ್ತೇನೆ. ಶುರುವಿನಲ್ಲಿ ಹೆಸರುಗಳು ಜಾಸ್ತಿ. ರಾಜ, ರಾಣಿ ಗೌರಮ್ಮ, ತಂಗಿ ದೇವಮ್ಮಾಜಿ, ಅವಳ ಗಂಡ ಚೆನ್ನಬಸವಯ್ಯ, ಮಂತ್ರಿಗಳಾದ ಬೋಪಣ್ಣ, ಲಕ್ಷ್ಮೀನಾರಾಯಣಯ್ಯ, ಇವರೆಲ್ಲರ ಮಧ್ಯೆ ಕುಂಟ ಬಸವ. ಮೊದಲ ಸಲ ಮೂವತ್ತು ಪುಟ ಓದಿ ಬಿಟ್ಟೆ. ಎರಡನೇ ಸಲ ಹಳೇ ಕ್ಯಾಲೆಂಡರಿನ ಹಿಂದುಗಡೆ ಯಾರು ಯಾರಿಗೆ ಏನಾಗಬೇಕು ಅಂತ ಬರೆದುಕೊಂಡು ಕೂತೆ. ಅಲ್ಲಿಂದ ತೊಡಕು ಬಿಡಿಸಿಕೊಂಡಿತು. ನೀವೂ ಹಾಗೆ ಮಾಡಿ, ಐದು ನಿಮಿಷದ ಕೆಲಸ.

ಕಥೆ ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ಮೊದಲೇ ಗೊತ್ತು. 1834ರಲ್ಲಿ ಇಂಗ್ಲಿಷರು ಕೊಡಗನ್ನು ತೆಗೆದುಕೊಂಡರು, ರಾಜನನ್ನು ಕಾಶಿಗೆ ಕಳಿಸಿದರು, ಕೊನೆಗೆ ಅವನು ಲಂಡನ್ನಿನಲ್ಲಿ ತೀರಿಕೊಂಡ. ಇದೆಲ್ಲ ಇತಿಹಾಸ. ಗೊತ್ತಿದ್ದೂ ಓದುವಾಗ ಎದೆ ಹಿಡಿದುಕೊಳ್ಳುತ್ತದೆ. ಯಾಕೆ ಅಂದರೆ ಇಲ್ಲಿ ಕೇಳಿಕೊಳ್ಳುವ ಪ್ರಶ್ನೆ ಮುಂದೇನು ಅಂತ ಅಲ್ಲ. ಇದನ್ನು ಯಾರು ತಡೆಯಬಹುದಿತ್ತು, ಯಾವಾಗ ತಡೆಯಬಹುದಿತ್ತು ಅಂತ. ಪ್ರತಿ ಅಧ್ಯಾಯದಲ್ಲೂ ಯಾರೋ ಒಬ್ಬರಿಗೆ ಒಂದು ಮಾತು ಹೇಳುವ ಅವಕಾಶ ಸಿಗುತ್ತದೆ. ಕೆಲವರು ಹೇಳುತ್ತಾರೆ, ರಾಜ ಕೇಳಲ್ಲ. ಕೆಲವರು ಹೇಳಬೇಕು ಅಂದುಕೊಂಡು ಸುಮ್ನೆ ಆಗಿಬಿಡುತ್ತಾರೆ. ಆ ಸುಮ್ಮನಾಗುವ ಜಾಗಗಳನ್ನು ಮಾಸ್ತಿ ಬರೆದಿರುವುದು ನೋಡಬೇಕು. ದನಿ ಎತ್ತುವುದೇ ಇಲ್ಲ. ಆದರೆ ಓದುತ್ತಿರುವ ನಮಗೆ, ಹೇಳಯ್ಯ, ಈಗಲಾದರೂ ಹೇಳು ಅಂತ ಅನ್ನಿಸುತ್ತದೆ.

ಮಂತ್ರಿಗಳು ಕೂತು ಮಾತಾಡುವ ಭಾಗ ನನಗೆ ಎಲ್ಲಕ್ಕಿಂತ ಹಿಡಿಸಿತು. ಮಾಸ್ತಿ ಮೈಸೂರು ಸಂಸ್ಥಾನದಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು, 1943ರಲ್ಲಿ ಕೆಲಸ ಬಿಟ್ಟವರು. ಮೇಲಿನವನು ತಪ್ಪು ಮಾಡುತ್ತಿದ್ದಾನೆ ಅಂತ ಗೊತ್ತಿದ್ದಾಗ ಕೆಳಗಿರುವ ಒಳ್ಳೆಯ ಮನುಷ್ಯ ಏನು ಮಾಡುತ್ತಾನೆ, ಎಷ್ಟು ದಿನ ತಾಳಿಕೊಳ್ಳುತ್ತಾನೆ, ನಿಷ್ಠೆ ರಾಜನಿಗೋ ರಾಜ್ಯಕ್ಕೋ ಅಂತ ರಾತ್ರಿ ಹೇಗೆ ಹೊರಳಾಡುತ್ತಾನೆ, ಇದು ಒಳಗಿದ್ದು ನೋಡಿದವರಿಗೆ ಮಾತ್ರ ಬರೆಯಲು ಬರುತ್ತದೆ ಅಂತ ನನ್ನ ನಂಬಿಕೆ. ಬೋಪಣ್ಣನ ಸಿಟ್ಟೂ ಅರ್ಥವಾಗುತ್ತದೆ, ಲಕ್ಷ್ಮೀನಾರಾಯಣಯ್ಯನ ತಾಳ್ಮೆಯೂ ಅರ್ಥವಾಗುತ್ತದೆ.

ಇನ್ನು ಬಸವ. ಅರಮನೆಯ ನಾಯಿಗಳ ಜೊತೆ ಬೆಳೆದ ಹುಡುಗ, ರಾಜನಿಗೆ ಚಿಕ್ಕಂದಿನಿಂದ ಜೊತೆಗಾರ, ಈಗ ಅವನ ಎಲ್ಲ ಕೆಟ್ಟ ಕೆಲಸಕ್ಕೂ ಕೈ. ಇವನನ್ನು ದ್ವೇಷ ಮಾಡಲು ರೆಡಿಯಾಗಿ ಕೂತಿದ್ದೆ, ಮಾಡಲು ಆಗಲಿಲ್ಲ. ರಾಜನ ವಿಷಯದಲ್ಲೂ ಅಷ್ಟೇ. ಕ್ರೂರಿ, ಕುಡುಕ, ಹೆಣ್ಣುಮಕ್ಕಳ ವಿಷಯದಲ್ಲಿ ಕೆಟ್ಟವನು, ಯಾವುದನ್ನೂ ಮಾಸ್ತಿ ಮುಚ್ಚಿಟ್ಟಿಲ್ಲ. ಆದರೂ ಒಂದು ಸಲವೂ ಅವನನ್ನು ಬೈದಿಲ್ಲ. ಚಿಕ್ಕಂದಿನಲ್ಲಿ ಯಾರೂ ತಿದ್ದದೆ ಬಿಟ್ಟ ಮಗು ಬೆಳೆದು ರಾಜನಾದರೆ ಏನಾಗುತ್ತದೋ ಅದನ್ನು ತೋರಿಸಿ ಪಕ್ಕಕ್ಕೆ ಸರಿದಿದ್ದಾರೆ.

ನಮ್ಮನೆಯಲ್ಲಿ ಮಾತಾಡುವುದು ತೆಲುಗು. ನಮ್ಮ ಕಡೆ ಅರ್ಧಕ್ಕರ್ಧ ಮನೆಗಳಲ್ಲಿ ಹೀಗೇ ಅಲ್ವಾ. ಅಮ್ಮನಿಗೆ ಕನ್ನಡ ಓದಲು ಬರಲ್ಲ, ಕೇಳಿದರೆ ಎಲ್ಲ ಅರ್ಥವಾಗುತ್ತದೆ. ಕೈವಾರ ತಾತಯ್ಯನವರ ಪದಗಳನ್ನು ತೆಲುಗಿನದ್ದೂ ಕನ್ನಡದ್ದೂ ಒಂದೇ ಉಸಿರಿನಲ್ಲಿ ಹಾಡುತ್ತಾಳೆ. ಹೋದ ಬೆಳೆಯ ಮೂರನೇ ಜ್ವರದ ದಿನ ಅವಳು ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು, ನಾನು ಪಕ್ಕದಲ್ಲಿ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದೆ. "ಅದೇನು, ಮುಖ ಹಂಗೆ ಮಾಡ್ಕೊಂಡು ಓದ್ತಿದ್ದೀಯ?" ಅಂತ ಕೇಳಿದಳು. ರಾಣಿ ಗೌರಮ್ಮ ಗಂಡನ ತಂಗಿಯನ್ನು ಸೆರೆಯಿಂದ ಬಿಡಿಸಲು ಒದ್ದಾಡುವ ಭಾಗ ಅದು. ಜೋರಾಗಿ ಓದಿ ಹೇಳಿದೆ. ಅಮ್ಮನ ಕೈ ನಿಂತುಹೋಯಿತು. ಸಿಪ್ಪೆ ಅರ್ಧ ಬಿಟ್ಟ ಕಾಯಿ ಬೆರಳಲ್ಲೇ ಇತ್ತು. ಎರಡು ಪುಟ ಓದಿ ನಿಲ್ಲಿಸಿದರೆ "ತರ್ವಾತ ಏಮಾಯ?" ಅಂದಳು. ಆಮೇಲೆ ಏನಾಯಿತು ಅಂತ. ಅವತ್ತಿನಿಂದ ಈ ಪುಸ್ತಕವನ್ನು ಒಬ್ಬರೇ ಓದುವ ಹಾಗಿಲ್ಲ.

ಜೋರಾಗಿ ಓದಿದ ಮೇಲೆ ನನಗೆ ಗೊತ್ತಾದದ್ದು, ಇದು ಕೇಳಿಸಿಕೊಳ್ಳಲು ಹೇಳಿ ಮಾಡಿಸಿದ ಪುಸ್ತಕ. ಮನಸ್ಸಿನಲ್ಲಿ ಓದುವಾಗ ನಿಧಾನ ಅನ್ನಿಸಿದ ಜಾಗಗಳೆಲ್ಲ ಬಾಯಿಬಿಟ್ಟು ಓದಿದರೆ ಸರಿಯಾದ ವೇಗಕ್ಕೆ ಬರುತ್ತವೆ. ವಾಕ್ಯ ಉಸಿರಿಗೆ ಸರಿಹೊಂದುತ್ತದೆ. ಮಾಸ್ತಿಯವರ ಮನೆಮಾತು ತಮಿಳು ಅಂತ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ, ಆಮೇಲೆ "ನಮ್ಮಂಗೇನೇ" ಅಂದಳು. ಇಂಗ್ಲಿಷರ ಜೊತೆ ಕಾಗದ ಪತ್ರ ನಡೆಯುವ ಭಾಗ ಮಾತ್ರ ಇಬ್ಬರಿಗೂ ಎಳೆದ ಹಾಗಾಯಿತು. ಅದನ್ನು ನಾನು ಓದಿಕೊಂಡು ಅಮ್ಮನಿಗೆ ಸಾರ ಹೇಳಿಬಿಡುತ್ತೇನೆ.

ಎರಡನೆಯದು ಹೆಚ್. ನರಸಿಂಹಯ್ಯನವರ ಆತ್ಮಕಥೆ, 'ಹೋರಾಟದ ಹಾದಿ'. ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ಅಮೆರಿಕದ ಓಹಿಯೋದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಓದಿ ಬಂದು ಮತ್ತೆ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಿನಲ್ಲೇ ಜೀವನ ಕಳೆದವರು. ಮದುವೆ ಇಲ್ಲ, ಆಸ್ತಿ ಇಲ್ಲ, ಖಾದಿ ಬಟ್ಟೆ. ಬರವಣಿಗೆಯೂ ಹಾಗೇ ಇದೆ, ಒಗೆದು ಒಣಗಿಸಿದ ಖಾದಿ ಥರ. ಒಂದು ಅಲಂಕಾರ ಇಲ್ಲ.

ಓದಲು ಬೆಂಗಳೂರಿಗೆ ಹೋಗಬೇಕು, ಬಸ್ಸಿಗೆ ದುಡ್ಡಿಲ್ಲ, ಹೊಸೂರಿನಿಂದ ನಡೆದುಕೊಂಡೇ ಹೋದರು. 1935ರಲ್ಲಿ. 80 ಕಿಲೋಮೀಟರ್ ಹತ್ತಿರ, ಎರಡು ದಿನ. ನಾನು ಕೇಳಿ ಬೆಳೆದ ಕಥೆ ಇದು, ಮೇಷ್ಟರುಗಳು ಬೈಯುವಾಗ ಇದನ್ನೇ ಹೇಳುತ್ತಿದ್ದರು. ಆದರೆ ಅವರ ಮಾತಿನಲ್ಲೇ ಓದಿದಾಗ ಅದು ಬೈಗುಳದ ಕಥೆ ಆಗಿರಲಿಲ್ಲ. ದೊಡ್ಡ ಸಾಹಸ ಮಾಡಿದೆ ಅನ್ನುವ ಭಾವನೆ ಅವರಿಗಿಲ್ಲ. ಬೇರೆ ದಾರಿ ಇರಲಿಲ್ಲ, ನಡೆದರು. ಹೋದ ಮರುವರ್ಷವೇ ಅವರ ಶಾಲೆಗೆ ಗಾಂಧೀಜಿ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ್ದು ಇದೇ ಹುಡುಗ.

ಪವಾಡಗಳನ್ನು ಪರೀಕ್ಷೆ ಮಾಡಲು 1976ರಲ್ಲಿ ಸಮಿತಿ ಮಾಡಿದವರು ಇವರೇ. ಅದನ್ನು ಓದಿದ ದಿನ ನಮ್ಮನೆಯಲ್ಲಿ ದೊಡ್ಡ ಮಾತು ನಡೆಯಿತು. ಹುಳದ ಮನೆಗೆ ಹೊರಗಿನವರು ಬರಬಾರದು ಅಂತ ಅಮ್ಮನ ಕಟ್ಟುನಿಟ್ಟು, ದೃಷ್ಟಿ ಆಗುತ್ತದೆ ಅಂತ. ನಾನು, ದೃಷ್ಟಿ ಅಲ್ಲಮ್ಮ, ಬೇರೆ ಹುಳದ ಮನೆಗೆ ಹೋಗಿ ಬಂದವರ ಕಾಲಲ್ಲಿ ರೋಗ ಬರುತ್ತದೆ, ಅದಕ್ಕೇ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಇಡುವುದು ಅಂದೆ. ಅವಳು ಯೋಚನೆ ಮಾಡಿ ಕೇಳಿದಳು, "ಹಂಗಾದ್ರೆ ನಾವೂ ಕಾಲಿಗೆ ಹಚ್ಕೊಂಡೇ ಹೋಗ್ಬೇಕಲ್ಲ?" ಹೌದು, ಹೋಗಬೇಕು. ನಾನೇ ಎಷ್ಟೋ ಸಲ ಆತುರದಲ್ಲಿ ಹಾಗೇ ಒಳಗೆ ಹೋಗುತ್ತಿದ್ದೆ. ಈಗ ಹೋಗಲ್ಲ. ಪ್ರಶ್ನೆ ಕೇಳಿ ಅಂತ ಜೀವನಪೂರ್ತಿ ಹೇಳಿದ ಮನುಷ್ಯನ ಪುಸ್ತಕ ನಮ್ಮ ಬಾಗಿಲವರೆಗೆ ಬಂದದ್ದು ಹೀಗೆ.

ಮುಂದಿನ ಭಾಗಗಳಲ್ಲಿ ಕಾಲೇಜು, ವಿಶ್ವವಿದ್ಯಾಲಯ, ಆಡಳಿತದ ವಿಷಯ ಜಾಸ್ತಿ. ಆ ಕಾಲದ ಬೆಂಗಳೂರು ಗೊತ್ತಿರುವವರಿಗೆ ಹಿಡಿಸಬಹುದು. ನನಗೆ ಹಳ್ಳಿಯ ದಿನಗಳು, ಶಾಲೆ, ಚಳವಳಿ, ಜೈಲು, ಅಷ್ಟರವರೆಗೆ ಬಿಡಲು ಮನಸ್ಸಾಗಲಿಲ್ಲ. ನಮ್ಮ ಎರಡೂ ಜಿಲ್ಲೆಯ ಹೈಸ್ಕೂಲ್ ಮಕ್ಕಳಿಗೆ ಆ ಭಾಗವಾದರೂ ಓದಿಸಬೇಕು.

ಮೂರನೆಯದು ಡಿವಿಜಿಯವರ 'ಮಂಕುತಿಮ್ಮನ ಕಗ್ಗ'. ಒಟ್ಟು 945 ಪದ್ಯ, 1943ರಲ್ಲಿ ಬಂದದ್ದು. ಇದರ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ನಾನು ಓದುವ ರೀತಿ ಮಾತ್ರ ಹೇಳುತ್ತೇನೆ. ಬೆಳಗ್ಗೆ ಒಂದು ಪದ್ಯ, ಅಷ್ಟೇ. ಪದ ಬಿಡಿಸಿಕೊಳ್ಳುವುದು ಕಷ್ಟ, ಹಾಗಾಗಿ ಅರ್ಥ ಇರುವ ಪ್ರತಿಯನ್ನೇ ತೆಗೆದುಕೊಳ್ಳಿ. ಆದರೆ ಪದ್ಯದ ಕೆಳಗೇ ಅರ್ಥ ಅಚ್ಚಾಗಿದ್ದರೆ ಕಣ್ಣು ಮೊದಲು ಅಲ್ಲಿಗೇ ಜಾರುತ್ತದೆ. ನಾನು ಒಂದು ರಟ್ಟಿನ ತುಂಡು ಇಟ್ಟುಕೊಂಡು ಮುಚ್ಚಿಕೊಂಡು ಓದುತ್ತೇನೆ.

ಕೊಳ್ಳುವ ಮುಂಚೆ ಪುಟ ತಿರುವಿ ನೋಡಿ, ಇದು ಮುಖ್ಯ. ಕಗ್ಗಕ್ಕೆ ಬೇಕಾದಷ್ಟು ಮುದ್ರಣಗಳಿವೆ. ನನಗೆ ಸಿಕ್ಕಿದ ಪ್ರತಿಯಲ್ಲಿ 97ರಿಂದ 112ರವರೆಗಿನ ಪುಟ ಎರಡು ಸಲ ಇತ್ತು, 113ರಿಂದ 128 ಇರಲೇ ಇಲ್ಲ. ಬೈಂಡಿಂಗ್ ಮಾಡುವಾಗ ಒಂದು ಫಾರಂ, ಅಂದರೆ ಹದಿನಾರು ಪುಟದ ಒಂದು ಕಟ್ಟು, ಅದರ ಬದಲು ಇನ್ನೊಂದು ಸೇರಿಸಿದ್ದಾರೆ. ಕೊಂಡ ಅಂಗಡಿಗೆ ಫೋನ್ ಮಾಡಿದೆ, ಬದಲಿಸಿ ಕೊಡುತ್ತೇವೆ ಅಂದರು. ಮೂರು ಸಲ ಹೋದೆ, ಸ್ಟಾಕ್ ಬಂದಿಲ್ಲ ಅಂದರು. ಆಮೇಲೆ ಫೋನ್ ಎತ್ತುವುದೂ ನಿಂತಿತು. ಬೇಜಾರಾಯಿತು, ದುಡ್ಡಿಗಿಂತ ಆ ನಿರ್ಲಕ್ಷ್ಯಕ್ಕೆ. ಬರೀ ನೋಟ್ ಬುಕ್ ಆಗಿದ್ದರೆ ಬಿಟ್ಟುಬಿಡಬಹುದಿತ್ತು.

ಕಗ್ಗದಲ್ಲಿ ಪದ್ಯಕ್ಕೆ ನಂಬರ್ ಇರುವುದು ಅನುಕೂಲಕ್ಕೆ ಬಂತು. ಲೈಬ್ರರಿಯ ಪ್ರತಿ ತಂದು, ಇಲ್ಲದ ಮೂವತ್ತೆರಡು ಪದ್ಯಗಳನ್ನು ಹಾಳೆಯಲ್ಲಿ ಕೈಯಿಂದ ಬರೆದು ಆ ಜಾಗಕ್ಕೆ ಅಂಟಿಸಿದೆ. ನಾಲ್ಕು ಸಂಜೆ ಹಿಡಿಯಿತು. ಸೊಪ್ಪು ಕುಯ್ದ ಕೈಯ ಕಲೆ ಎರಡು ಹಾಳೆಗೆ ತಾಗಿದೆ. ಈಗ ಆ ಮೂವತ್ತೆರಡರಲ್ಲಿ ಅರ್ಧಕ್ಕಿಂತ ಜಾಸ್ತಿ ನೋಡದೆ ಹೇಳುತ್ತೇನೆ, ಅಚ್ಚಾಗಿರುವ ಪುಟಗಳಲ್ಲಿ ಬಾಯಿಗೆ ಬಂದಿರುವುದು ಹತ್ತೂ ಇಲ್ಲ.

ನಮ್ಮೂರಿನ ಸುತ್ತಮುತ್ತ ಇರುವವರು ಯಾರಿಗಾದರೂ ಬೇಕಿದ್ದರೆ 'ಹೋರಾಟದ ಹಾದಿ' ಬಂದು ತೆಗೆದುಕೊಂಡು ಹೋಗಿ, ಇನ್ನು ಇಪ್ಪತ್ತು ಪುಟ ಇದೆ, ಈ ವಾರ ಮುಗಿಯುತ್ತದೆ. ಮಕ್ಕಳಿರುವ ಮನೆಯವರಿಗೆ ಮೊದಲು. ಕಗ್ಗ ನನ್ನ ಕೈಬರಹ ಓದಲು ಆಗುವವರಿಗೆ ಮಾತ್ರ. 'ಚಿಕವೀರ ರಾಜೇಂದ್ರ' ಈಗ ಕೇಳಬೇಡಿ. ನಾಳೆ ಸಂಜೆಗೆ ಹುಳ ನಾಲ್ಕನೇ ಜ್ವರಕ್ಕೆ ಕೂರುತ್ತದೆ, ದೇವಮ್ಮಾಜಿಗೆ ಏನಾಯಿತು ಅಂತ ಅಮ್ಮ ಮೂರು ದಿನದಿಂದ ಕೇಳುತ್ತಿದ್ದಾಳೆ. ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ನೋಡೋಣ.