ದಾವಣಗೆರೆ ನೀರು, ಮನೆಯ ಫಿಶ್ ಟ್ಯಾಂಕು: ಎಪಿಐ ಮಾಸ್ಟರ್ ಟೆಸ್ಟ್ ಕಿಟ್ ಬಗ್ಗೆ

ಟ್ಯಾಂಕಿನ ನೀರು ಕನ್ನಡಿ ಥರ ಕಾಣುತ್ತಿದ್ದರೂ ಮೀನು ಸಾಯುತ್ತವೆ. ಮೀನಿನ ಹಿಕ್ಕೆ, ಉಳಿದ ಊಟದಿಂದ ನೀರಿನಲ್ಲಿ ಸೇರುವ ವಿಷಗಳು ಅಮೋನಿಯಾ ಮತ್ತು ನೈಟ್ರೈಟ್; ಎರಡಕ್ಕೂ ಬಣ್ಣ ಇಲ್ಲ, ನೋಡಿದರೆ ಹೇಗೆ ಗೊತ್ತಾಗಬೇಕು? ಅದಕ್ಕೇ ಎಪಿಐ ಕಂಪನಿಯ ಫ್ರೆಶ್‌ವಾಟರ್ ಮಾಸ್ಟರ್ ಟೆಸ್ಟ್ ಕಿಟ್ ವರ್ಷಗಳಿಂದ ನಮ್ಮ ಮನೆಯಲ್ಲಿದೆ. ಒಂದು ಮುಗಿದ ಮೇಲೆ ಇನ್ನೊಂದು ತರಿಸಿಕೊಂಡಿದ್ದೇನೆ.

ಪಿಎಚ್ (ನೀರು ಆಮ್ಲವೋ ಕ್ಷಾರವೋ ಎನ್ನುವ ಅಳತೆ), ಹೈ ರೇಂಜ್ ಪಿಎಚ್ (ಪಿಎಚ್ ಜಾಸ್ತಿ ಇರುವ ನೀರಿಗೆ), ಅಮೋನಿಯಾ, ನೈಟ್ರೈಟ್, ಅದರಿಂದ ಕೊನೆಗೆ ಆಗುವ ನೈಟ್ರೇಟ್ ಇಷ್ಟನ್ನೂ ನೋಡಬಹುದು. 5 ಎಂಎಲ್ ನೀರಿಗೆ ಹನಿ ಎಣಿಸಿ ಹಾಕಿ, ಬಣ್ಣವನ್ನು ಕಾರ್ಡಿನ ಜೊತೆ ಹೋಲಿಸುವುದು, ಅಷ್ಟೇ. ಅಮೋನಿಯಾ ಇಲ್ಲದಿದ್ದರೆ ಹಳದಿ, ಜಾಸ್ತಿಯಾದಷ್ಟೂ ಹಸಿರು. ನೈಟ್ರೇಟ್ ಟೆಸ್ಟಿಗೆ ಮಾತ್ರ ಸ್ವಲ್ಪ ತಾಳ್ಮೆ ಬೇಕು: ಎರಡನೇ ಬಾಟಲಿಯನ್ನು 30 ಸೆಕೆಂಡ್ ಜೋರಾಗಿ ಅಲ್ಲಾಡಿಸಬೇಕು, ಹನಿ ಹಾಕಿದ ಮೇಲೆ ಟ್ಯೂಬನ್ನು ಇನ್ನೊಂದು ನಿಮಿಷ ಕುಲುಕಬೇಕು, ಆಮೇಲೆ ಐದು ನಿಮಿಷ ಕಾಯಬೇಕು. ಕುಲುಕದೇ ಬಿಟ್ಟರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಬಣ್ಣವನ್ನು ಹಗಲಲ್ಲಿ ಕಿಟಕಿ ಹತ್ತಿರ ನೋಡಿ.

ನಮ್ಮೂರಲ್ಲಿ ಈ ಕಿಟ್ ಯಾಕೆ ಬೇಕು ಅಂದರೆ, ನೀರು ಒಂದೇ ಥರ ಇರುವುದಿಲ್ಲ. ಒಂದು ದಿನ ನಲ್ಲಿಯಲ್ಲಿ ಹೊಳೆ ನೀರು, ಇಲ್ಲವೇ ಭದ್ರಾ ನಾಲೆಯಿಂದ ಕುಂದವಾಡ ಕೆರೆಗೆ ತುಂಬಿಸಿದ ನೀರು. ಅದು ಬಾರದಿದ್ದರೆ ಬೋರ್ ನೀರು. ಎರಡೂ ಸೇರುವುದು ಮನೆಯ ಅದೇ ಸಂಪಿಗೆ. ಒಂದು ಬೇಸಿಗೆಯಲ್ಲಿ ಎಷ್ಟು ಸಲ ನೀರು ಬದಲಾಯಿಸಿದರೂ ನೈಟ್ರೇಟ್ 40 ಪಿಪಿಎಂ (ಲೀಟರಿಗೆ 40 ಮಿಲಿಗ್ರಾಂ) ಬಿಟ್ಟು ಕೆಳಗೆ ಇಳಿಯಲಿಲ್ಲ. ಮೀನು ಕಡಿಮೆ, ಊಟ ಕಡಿಮೆ, ಫಿಲ್ಟರ್ ಸರಿಯಾಗಿಯೇ ಇತ್ತು. ಕೊನೆಗೆ ಟ್ಯಾಂಕಿನ ನೀರು ಬಿಟ್ಟು ನೇರ ಬೋರ್ ನೀರನ್ನೇ ಟ್ಯೂಬಿಗೆ ಹಿಡಿದೆ, ನೈಟ್ರೇಟ್ ಜಾಸ್ತಿ ಇದ್ದರೆ ಬರುವ ಅದೇ ಕೆಂಪು ಬಣ್ಣ! ಗೊಬ್ಬರ, ಚರಂಡಿ ನೀರು ಇಳಿದರೆ ಬೋರಿನಲ್ಲೂ ನೈಟ್ರೇಟ್ ಇರುತ್ತದೆ. ಅಂದಿನಿಂದ ನಲ್ಲಿ ನೀರನ್ನು ಬೇರೆ ಡ್ರಮ್ಮಿನಲ್ಲಿ ಹಿಡಿದಿಟ್ಟು ಟ್ಯಾಂಕಿಗೆ ಅದನ್ನೇ ಹಾಕುತ್ತೇನೆ. ಹಾಗಾಗಿ ಕಿಟ್ ತಂದ ದಿನವೇ ಮೊದಲು ನಿಮ್ಮ ಮನೆ ನೀರನ್ನು ಟೆಸ್ಟ್ ಮಾಡಿ, ಆಮೇಲೆ ಟ್ಯಾಂಕು. ಬೋರ್ ನೀರಿನ ಪಿಎಚ್ ನೋಡುವುದಾದರೆ ಬಕೆಟ್ಟಿನಲ್ಲಿ ಒಂದು ರಾತ್ರಿ ಬಿಟ್ಟು ನೋಡಿ, ಆಗಷ್ಟೇ ಎತ್ತಿದ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿದ್ದು ಪಿಎಚ್ ಕಡಿಮೆ ಕಾಣಿಸುತ್ತದೆ.

ಇನ್ನೊಂದು ವಿಷಯ. ಈ ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ವಿಷದ ಪಾಲು ಎಷ್ಟು ಅನ್ನುವುದು ಪಿಎಚ್ ಮತ್ತು ಶಾಖದ ಮೇಲೆ ನಿಂತಿದೆ. ಪಿಎಚ್ 8 ದಾಟಿದ್ದು, ಏಪ್ರಿಲ್ ಬಿಸಿಲಿಗೆ ನೀರೂ ಬೆಚ್ಚಗಾಗಿದ್ದರೆ, ತಿಳಿ ಹಸಿರು ಕಂಡರೂ ನಾನು ಸುಮ್ನೆ ಕೂರುವುದಿಲ್ಲ. ಆ ದಿನ ಊಟ ಬಂದ್, ಕಾಲು ಭಾಗ ನೀರು ಬದಲು. ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ ಕರಗುತ್ತದೆ, ಏರ್ ಪಂಪ್ ಓಡುತ್ತಲೇ ಇರಲಿ.

ಇದರಲ್ಲಿ ನೀರಿನ ಗಡಸುತನ ನೋಡುವ ಜಿಎಚ್, ಕೆಎಚ್ ಬಾಟಲಿಗಳಿಲ್ಲ. ಗಪ್ಪಿ, ಮೊಲಿ ಗಡಸು ನೀರಿಗೆ ಹೊಂದಿಕೊಳ್ಳುತ್ತವೆ, ಆದರೆ ಮೆದು ನೀರು ಬಯಸುವ ನಿಯಾನ್ ಟೆಟ್ರಾ ಸಾಕುವವರು ಗಡಸುತನದ ಟೆಸ್ಟನ್ನು ಬೇರೆಯಾಗಿ ಕೊಳ್ಳಬೇಕು. ಕ್ಲೋರಿನ್ ಟೆಸ್ಟೂ ಇಲ್ಲ, ನಲ್ಲಿ ನೀರಿಗೆ ಆಂಟಿ ಕ್ಲೋರಿನ್ ಹಾಕುವುದು ಬಿಡಬೇಡಿ. ಬೆಲೆ ನೀರಿಗೆ ಅದ್ದಿ ನೋಡುವ ಟೆಸ್ಟ್ ಸ್ಟ್ರಿಪ್‌ಗಿಂತ ಜಾಸ್ತಿ, ನಿಜ. ಆದರೆ ಎಷ್ಟೋ ಕಾಲ ಬರುತ್ತದೆ, ಪಕ್ಕದ ಮನೆ ಹುಡುಗ ಕೂಡ ಬಾಟಲಿಯಲ್ಲಿ ತನ್ನ ಟ್ಯಾಂಕಿನ ನೀರು ತಂದು ಇದರಲ್ಲೇ ನೋಡಿಕೊಂಡು ಹೋಗುತ್ತಾನೆ. ಎಕ್ಸ್‌ಪೈರಿ ನೋಡಿ ತಗೊಳ್ಳಿ. ಟೆಸ್ಟ್ ಮಾಡಿದ ನೀರನ್ನು ಟ್ಯಾಂಕಿಗೆ ವಾಪಸ್ ಸುರಿಯಬೇಡಿ, ಬಾಟಲಿಗಳು ಮಕ್ಕಳ ಕೈಗೆ ಸಿಗದ ಹಾಗೆ ಇಡಿ.